ಮನೆಮಂದಿಗೆ ಕಡಿಮೆ ಬೆಲೆಯ ಗಾಳಿ ಕಯಾಕ್: ಯಾವುದು ತಗೊಳ್ಳಲಿ?

ಮೂರನೇಮಹಡಿ
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನಾವು ನಾಲ್ಕು ಜನ. ನಾನು 82 ಕೆಜಿ, ಹೆಂಡತಿ 61 ಕೆಜಿ. ಮಗಳಿಗೆ 9 ವರ್ಷ, 28 ಕೆಜಿ. ಮಗನಿಗೆ 5 ವರ್ಷ, 17 ಕೆಜಿ. ಹೋದ ರಜೆಯಲ್ಲಿ ಬಾಡಿಗೆ ಕಯಾಕ್ ದೋಣಿಯಲ್ಲಿ ಒಂದು ಗಂಟೆ ಸುತ್ತಾಡಿದೆವು. ಅವತ್ತಿನಿಂದ ಮಕ್ಕಳಿಗೆ ಅದೇ ಧ್ಯಾನ. ಮಗ ಹಾಸಿಗೆ ಮೇಲೆ ಕೂತು ಪೊರಕೆ ಹಿಡಿದು ಹುಟ್ಟು ಹಾಕುತ್ತಾನೆ.

ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಕಾರೂ ಚಿಕ್ಕದು. ಹಾಗಾಗಿ ಗಟ್ಟಿ ಕಯಾಕ್ ಆಗದ ಮಾತು. ಗಾಳಿ ತುಂಬಿಸುವುದನ್ನೇ ತಗೊಳ್ಳಬೇಕು. ಹೋಗುವುದು ಕೆರೆ, ಹಿನ್ನೀರು, ಸೆಳೆತವಿಲ್ಲದ ಕಡೆ ಮಾತ್ರ. ತಿಂಗಳಿಗೆ ಎರಡು ಸಲ, ಒಂದೆರಡು ಗಂಟೆ. ದುಡ್ಡು ಜಾಸ್ತಿ ಇಲ್ಲ. ತೀರಾ ಅಗ್ಗದ್ದರಿಂದ ಒಂದು ಮೆಟ್ಟಿಲು ಮೇಲೆ ಹತ್ತಬಹುದು, ಅಷ್ಟೇ.

ಎರಡು ಸೀಟಿನದು ಸಾಕಾ? ಮಕ್ಕಳನ್ನು ಮಧ್ಯೆ ಕೂರಿಸಿಕೊಳ್ಳಬಹುದಾ? ಬರೀ ಪ್ಲಾಸ್ಟಿಕ್‌ನದು ಬಾಳಿಕೆ ಬರುತ್ತದಾ? ಗೊತ್ತಿರುವವರು ಹೇಳಿ.

ಅಲೆಮಾರಿ
ಇಂಟೆಕ್ಸ್ ಎಕ್ಸ್‌ಪ್ಲೋರರ್ ಕೆ2 ತಗೊಳ್ಳಿ, ಯೋಚನೆ ಬೇಡ. 312 ಸೆಂಮೀ ಉದ್ದ, 91 ಸೆಂಮೀ ಅಗಲ, ಸುಮಾರು 15 ಕೆಜಿ ತೂಕ. ಹುಟ್ಟು, ಪಂಪು ಎಲ್ಲಾ ಡಬ್ಬಿಯಲ್ಲೇ ಬರುತ್ತದೆ. ಅಗಲ ಇರುವುದರಿಂದ ಮಕ್ಕಳು ಅಲ್ಲಾಡಿದರೂ ಸುಲಭಕ್ಕೆ ಮಗುಚುವುದಿಲ್ಲ. ನಮ್ಮಲ್ಲಿ ನಾಲ್ಕು ವರ್ಷದಿಂದ ಇದೆ.

ತೇಲುಮರ
ಅಲೆಮಾರಿ, ಅವರು ಕೊಟ್ಟ ತೂಕ ಕೂಡಿಸಿ ನೋಡಿದಿರಾ? 82 + 61 + 28 + 17 = 188. ನೀವು ಹೇಳಿದ ಕಯಾಕ್ ತಡೆಯುವುದು 181 ಕೆಜಿ. ಬಟ್ಟೆ, ಚೀಲ, ನೀರಿನ ಬಾಟಲಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ನಾಲ್ಕು ಜನ ಅದರಲ್ಲಿ ಕೂರಲೇಬಾರದು.

ಅಲೆಮಾರಿ
ಏಳು ಕೆಜಿಗೆ ಏನೂ ಆಗುವುದಿಲ್ಲ. ಕಂಪನಿಯವರು ಸ್ವಲ್ಪ ಕಡಿಮೆಯೇ ಬರೆದಿರುತ್ತಾರೆ. ಮಕ್ಕಳು ಚಿಕ್ಕವರು ಅಲ್ವಾ.

ತೇಲುಮರ
ಇದನ್ನು ನಾನು ಒಪ್ಪುವುದಿಲ್ಲ. ಡಬ್ಬಿ ಮೇಲೆ ಬರೆದಿರುವುದು ಗರಿಷ್ಠ ಮಿತಿ. ಆರಾಮಾಗಿ ಹೋಗುವ ತೂಕ ಬೇರೆ. ಆ ಮಿತಿ ಮುಟ್ಟಿದರೆ ಕಯಾಕ್ ಮುಳುಗುವುದಿಲ್ಲ ನಿಜ, ಆದರೆ ಪಕ್ಕದ ಟ್ಯೂಬು ನೀರಿಗೆ ತೀರಾ ಹತ್ತಿರ ಇಳಿಯುತ್ತದೆ. ಸಣ್ಣ ಅಲೆ ಬಂದರೂ ಒಳಗೆ ನೀರು. ಒಳಗೆ ನೀರು ಬಂದರೆ ತೂಕ ಇನ್ನೂ ಜಾಸ್ತಿ. ಮಧ್ಯದಲ್ಲಿ ಬಾಗಿ ಬಾಳೆಹಣ್ಣಿನ ಹಾಗೆ ಕೂರುತ್ತದೆ, ಎಷ್ಟು ಹುಟ್ಟು ಹಾಕಿದರೂ ಮುಂದೆ ಹೋಗುವುದಿಲ್ಲ.

ನಾನು ಇಟ್ಟುಕೊಂಡಿರುವ ಲೆಕ್ಕ: ಬರೆದಿರುವುದರ ಮೂರನೇ ಎರಡು ಪಾಲು. 180 ಅಂದರೆ 120. ತೀರಾ ಆದರೆ 130. ಅದಕ್ಕಿಂತ ಮೇಲೆ ಹೋಗಬೇಡಿ, ಅದೂ ಮಕ್ಕಳನ್ನು ಕೂರಿಸಿಕೊಂಡು.

ಇನ್ನೊಂದು ಮಾತು. ಮಕ್ಕಳು ಮೂರು ವರ್ಷದಲ್ಲಿ ಇಷ್ಟೇ ಇರುವುದಿಲ್ಲ. 28 ಕೆಜಿ ಮಗಳು 40 ಆಗುತ್ತಾಳೆ.

ಅಲೆಮಾರಿ
ಮಕ್ಕಳು ಬೆಳೆಯುವ ವಿಷಯ ಸರಿ. ಒಪ್ಪಿದೆ. ನಾವು ಮೂರು ಜನ, ಅದಕ್ಕೆ ನನಗೆ ಅದು ಹೊಳೆಯಲಿಲ್ಲ.

ದಡದವಳು
ತೂಕದ ಚರ್ಚೆ ನಡೆಯಲಿ. ನಾನು ಗಾಳಿಯ ವಿಷಯ ಹೇಳಬೇಕು, ಯಾಕೆಂದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಎರಡು ವರ್ಷದ ಹಿಂದೆ ನಾನು, ನನ್ನ ಮಗಳು (ಆಗ 7) ಇಂಥದ್ದೇ ಅಗ್ಗದ ಕಯಾಕ್‌ನಲ್ಲಿ ಹೋದೆವು. ಬೆಳಗ್ಗೆ ನೀರು ಕನ್ನಡಿ ಇದ್ದ ಹಾಗಿತ್ತು. ದಡದಿಂದ ಹೊರಟಾಗ ಬೆನ್ನ ಹಿಂದೆ ತಂಗಾಳಿ. ಎರಡು ಸಲ ಹುಟ್ಟು ಹಾಕಿದರೆ ಹತ್ತು ಮೀಟರ್ ಹೋಗುತ್ತಿತ್ತು. ನನಗೆ ಚೆನ್ನಾಗಿ ಬರುತ್ತಿದೆ ಅಂದುಕೊಂಡೆ. ನಿಜಕ್ಕೂ ನಮ್ಮನ್ನು ತಳ್ಳುತ್ತಿದ್ದದ್ದು ಗಾಳಿ.

ವಾಪಸ್ ತಿರುಗಿದಾಗ ಗೊತ್ತಾಯಿತು. ಗಾಳಿ ಅಷ್ಟರಲ್ಲಿ ಜಾಸ್ತಿಯಾಗಿತ್ತು. ಗಾಳಿ ಕಯಾಕ್ ನೀರಿನ ಮೇಲೆ ಎಲೆಯ ಹಾಗೆ ತೇಲುತ್ತದೆ, ಕೆಳಗೆ ಹಿಡಿತವೇ ಇಲ್ಲ. ನಾನು ಬಲಕ್ಕೆ ಹುಟ್ಟು ಹಾಕಿದರೆ ಮೂತಿ ಎಡಕ್ಕೆ, ಎಡಕ್ಕೆ ಹಾಕಿದರೆ ಬಲಕ್ಕೆ. ಒಂದು ಕ್ಷಣ ನಿಲ್ಲಿಸಿದರೆ ಅಡ್ಡ ತಿರುಗಿ ಹಿಂದೆ ಹೋಗುತ್ತಿತ್ತು. ದಡದಲ್ಲಿ ಒಂದು ಕೆಂಪು ಬಕೆಟ್ ಇತ್ತು. ಅದನ್ನೇ ಗುರುತು ಇಟ್ಟುಕೊಂಡಿದ್ದೆ. ಇಪ್ಪತ್ತು ನಿಮಿಷ ಆದರೂ ಆ ಬಕೆಟ್ ದೊಡ್ಡದಾಗಲೇ ಇಲ್ಲ. ಮಗಳು "ಅಮ್ಮಾ, ನಾವು ನಿಂತಿದ್ದೀವಾ?" ಅಂದಳು. ಕೊನೆಗೆ ಎದುರು ಹೋಗುವುದು ಬಿಟ್ಟು, ಓರೆಯಾಗಿ ಹೋಗಿ ಪಕ್ಕದ ಜೊಂಡು ಹುಲ್ಲು ಹಿಡಿದು ನಿಂತೆವು. ಅಲ್ಲಿಂದ ನೀರಂಚಿನಲ್ಲಿ ಕಯಾಕ್ ಎಳೆದುಕೊಂಡು ನಡೆದು ಬಂದೆವು.

ಅವತ್ತಿನಿಂದ ನಮ್ಮ ಮನೆಯಲ್ಲಿ ಇರುವ ಪದ್ಧತಿ: ಮೊದಲು ಗಾಳಿಗೆ ಎದುರಾಗಿ ಹೋಗುವುದು, ಸುಸ್ತಾದ ಮೇಲೆ ಗಾಳಿಯ ಜೊತೆ ವಾಪಸ್ ಬರುವುದು. ದಡದಿಂದ ನೀರಿನ ಕಡೆಗೆ ಗಾಳಿ ಬೀಸುತ್ತಿದ್ದರೆ ಅವತ್ತು ಇಳಿಯುವುದೇ ಇಲ್ಲ. ಗಂಟೆಗೆ 15 ಕಿಮೀ ದಾಟಿದ್ದರೆ ಯಾವ ದಿಕ್ಕಾದರೂ ಇಳಿಯುವುದಿಲ್ಲ.

ಶಾಂತನೀರು
ಗಾಳಿ ಅಳೆಯುವ ಯಂತ್ರ ಬೇಕಾಗಿಲ್ಲ. ಬ್ಯೂಫೋರ್ಟ್ ಅಳತೆಯಲ್ಲಿ 3 ಅಂದರೆ ಗಂಟೆಗೆ 12ರಿಂದ 19 ಕಿಮೀ. ಮರದ ಎಲೆ, ಸಣ್ಣ ಕಡ್ಡಿಗಳು ಬಿಡದೆ ಅಲ್ಲಾಡುತ್ತಿರುತ್ತವೆ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣಲು ಶುರುವಾಗುತ್ತದೆ. ಬಿಳಿ ಕಂಡರೆ ಮಕ್ಕಳ ಜೊತೆ ಇಳಿಯಬೇಡಿ.

ನೀರಹಾದಿ
ನನ್ನ ಸಲಹೆ ಬೇರೆ. ಒಂದು ದೊಡ್ಡದು ಬೇಡ, ಎರಡು ಅಗ್ಗದ ಎರಡು ಸೀಟಿನವು ತಗೊಳ್ಳಿ. ಒಂದರಲ್ಲಿ ಅಪ್ಪ ಮತ್ತು ಮಗಳು, 110 ಕೆಜಿ. ಇನ್ನೊಂದರಲ್ಲಿ ಅಮ್ಮ ಮತ್ತು ಮಗ, 78 ಕೆಜಿ. ಎರಡೂ ತೇಲುಮರ ಅವರ ಲೆಕ್ಕದೊಳಗೇ ಬಂತು. ಒಂದಕ್ಕೆ ತೊಂದರೆ ಆದರೆ ಇನ್ನೊಂದು ಹತ್ತಿರ ಇರುತ್ತದೆ.

ದಡದವಳು
ಹೊಸದರಲ್ಲಿ ಇದು ಬೇಡ. 5 ವರ್ಷದ ಮಗು ಹುಟ್ಟು ಹಾಕುವುದಿಲ್ಲ, ನೀರಲ್ಲಿ ಕೈ ಆಡಿಸುತ್ತದೆ. ಅಂದರೆ ಒಬ್ಬರೇ ಇಡೀ ದೋಣಿ ನಡೆಸಬೇಕು. ಗಾಳಿ ಬಂದರೆ ನನಗಾದದ್ದೇ ಆಗುತ್ತದೆ.

ನೀರಹಾದಿ
ಹೆಂಗಸರಿಗೆ ಆಗುವುದಿಲ್ಲ ಅಂತ ಯಾಕೆ ಅಂದುಕೊಳ್ಳಬೇಕು? ನನ್ನ ತಂಗಿ ನನಗಿಂತ ಚೆನ್ನಾಗಿ ನಡೆಸುತ್ತಾಳೆ.

ದಡದವಳು
ನಾನು ಹೆಂಗಸರು ಅಂದೆನಾ? ಹೊಸಬರು ಅಂದೆ. ಅಪ್ಪನೇ ಒಬ್ಬರೇ ಇದ್ದರೂ ಇದೇ ಮಾತು. ಎರಡು ದೋಣಿ ಇದ್ದರೆ ಇಬ್ಬರು ಹೊಸಬರು ಒಂದೇ ಹೊತ್ತಿಗೆ ಒಬ್ಬೊಬ್ಬರೇ ಆಗುತ್ತಾರೆ. ದಡದಲ್ಲಿ ನೋಡುವವರು ಯಾರೂ ಇಲ್ಲ. ನನ್ನ ತಕರಾರು ಅದು.

ಮೂರನೇಮಹಡಿ
ಇಷ್ಟು ಬೇಗ ಇಷ್ಟು ಉತ್ತರ! ತುಂಬಾ ಥ್ಯಾಂಕ್ಸ್. ನನ್ನ ಹೆಂಡತಿ ನನಗಿಂತ ಚೆನ್ನಾಗಿ ಈಜುತ್ತಾಳೆ. ನನಗೆ ಈಜು ಅಷ್ಟಕ್ಕಷ್ಟೇ. ಮಗಳು ಕಲಿಯುತ್ತಿದ್ದಾಳೆ. ದಡದವಳು ಅವರ ಬಕೆಟ್ ಕಥೆ ಮನೆಯಲ್ಲಿ ಜೋರಾಗಿ ಓದಿದೆ. ಎಲ್ಲರೂ ಸುಮ್ಮನಾದರು.

ಮೂರು ಸೀಟಿನದು ಹೇಗೆ?

ತೇಲುಮರ
ಮೂರು ಜನರಿಗೆ ಅಂತ ಮಾರುವುದರಲ್ಲಿ ಸೀ ಈಗಲ್ 370 ಹಳೆಯ, ಪರಿಚಯದ ಮಾದರಿ. 381 ಸೆಂಮೀ ಉದ್ದ, 295 ಕೆಜಿ ತಡೆಯುತ್ತದೆ, ದೋಣಿಯ ತೂಕ ಬರೀ 14.5 ಕೆಜಿ ಆಸುಪಾಸು. ನಿಮ್ಮ 188 ಇದಕ್ಕೆ ಮೂರನೇ ಎರಡು ಪಾಲಿಗಿಂತ ಕಡಿಮೆ. ಆದರೆ ಬೆಲೆ ಎಕ್ಸ್‌ಪ್ಲೋರರ್‌ಗಿಂತ ಸಾಕಷ್ಟು ಮೇಲೆ. ಮತ್ತೆ, ತೂಕ ಸರಿ ಹೋದರೆ ಜಾಗ ಸರಿ ಹೋಯಿತು ಅಂತಲ್ಲ. ನಾಲ್ಕು ಜನರ ಎಂಟು ಕಾಲು ಎಲ್ಲಿಡುವುದು? ಹಿಂದಿನವರ ಹುಟ್ಟು ಮುಂದಿನವರ ಬೆನ್ನಿಗೆ ತಾಗುತ್ತದೆ.

ಹಳೇಪಂಪು
ಎಲ್ಲರೂ ದೋಣಿ ಬಗ್ಗೆಯೇ ಹೇಳುತ್ತಿದ್ದೀರಿ. ಪಂಪು ಮತ್ತು ವಾಲ್ವ್ ನೋಡಿ ಸ್ವಾಮಿ! ಅಗ್ಗದ ಕಯಾಕ್ ಜನ ಯಾಕೆ ಮೂಲೆಗೆ ಹಾಕುತ್ತಾರೆ ಗೊತ್ತಾ? ಹರಿದು ಅಲ್ಲ. ತುಂಬಿಸಿ, ಇಳಿಸಿ ಬೇಸರ ಬಂದು.

ಬೀಚ್ ಬಾಲಿನಲ್ಲಿ ಇರುವಂಥ ಬಿರಡೆ ಇರುವುದು ಬೇಡವೇ ಬೇಡ. ಪಂಪು ತೆಗೆದು ಮುಚ್ಚುವಷ್ಟರಲ್ಲಿ ಅರ್ಧ ಗಾಳಿ ಹೋಗಿರುತ್ತದೆ. ಕನಿಷ್ಠ ಬೋಸ್ಟನ್ ವಾಲ್ವ್ ಇರಲಿ. ಅದರಲ್ಲಿ ಎರಡು ಮುಚ್ಚಳ. ಮೇಲಿನದು ತೆಗೆದರೆ ಗಾಳಿ ಒಳಗೆ ಮಾತ್ರ ಹೋಗುತ್ತದೆ, ಇಡೀ ವಾಲ್ವ್ ಬಿಚ್ಚಿದರೆ ಬುಸ್ಸೆಂದು ಖಾಲಿ. ಅದಕ್ಕಿಂತ ಮೇಲಿನದು ಹಾಲ್ಕಿ ರಾಬರ್ಟ್ಸ್ ವಾಲ್ವ್, ಒಳಗೆ ಸ್ಪ್ರಿಂಗ್ ಇರುತ್ತದೆ. ಒತ್ತಿ ತಿರುಗಿಸಿದರೆ ಗಾಳಿ ಹೊರಗೆ, ಮತ್ತೆ ಒತ್ತಿ ತಿರುಗಿಸಿದರೆ ಬಂದ್.

ಪಂಪಿನಲ್ಲಿ ಎಳೆದಾಗಲೂ ತಳ್ಳಿದಾಗಲೂ ಗಾಳಿ ಕೊಡುವುದನ್ನೇ ತಗೊಳ್ಳಿ. ಹಾಸಿಗೆಗೆ ಗಾಳಿ ತುಂಬುವ ಕರೆಂಟ್ ಪಂಪು ಇದ್ದರೆ ಮುಕ್ಕಾಲು ಪಾಲು ಅದರಲ್ಲಿ ತುಂಬಿಸಿ, ಕೊನೆಯ ಬಿಗಿ ಕೈಪಂಪಿನಲ್ಲಿ ಮಾಡಿ. ಕಾರಿನ ಟೈರಿಗೆ ಹಾಕುವ ಕಂಪ್ರೆಸರ್ ಮಾತ್ರ ಬೇಡ. ಅದು ಒತ್ತಡಕ್ಕೆ ಮಾಡಿದ್ದು, ಇಷ್ಟು ದೊಡ್ಡ ಟ್ಯೂಬು ತುಂಬಿಸಲು ಅಲ್ಲ.

ಗಣಿತಮೇಡಂ
ಒತ್ತಡದ ಮಾತು ಬಂತಲ್ಲ, ಬಿಸಿಲಿನ ವಿಷಯ ಸೇರಿಸುತ್ತೇನೆ. ಅಗ್ಗದ ಕಯಾಕ್‌ನ ಟ್ಯೂಬಿನಲ್ಲಿ ಹೊರಗಿನ ಗಾಳಿಗಿಂತ ಸುಮಾರು 1 ಪಿಎಸ್‌ಐ ಮಾತ್ರ ಜಾಸ್ತಿ ಇರುತ್ತದೆ. ಆದರೆ ಹೊರಗಿನ ಗಾಳಿಯದೇ 14.7 ಪಿಎಸ್‌ಐ ಇದೆ. ಒಳಗಿನದು ಒಟ್ಟು 15.7. ಈಗ 20 ಡಿಗ್ರಿಯಲ್ಲಿ ತುಂಬಿಸಿದ್ದು ಬಿಸಿಲಲ್ಲಿ 45 ಡಿಗ್ರಿಗೆ ಕಾದರೆ, ಟ್ಯೂಬು ಹಿಗ್ಗದೇ ಇದ್ದರೆ, 1.3 ಪಿಎಸ್‌ಐ ಏರುತ್ತದೆ. 1 ಇದ್ದದ್ದು 2.3 ಆಯಿತು! ಪ್ಲಾಸ್ಟಿಕ್ ಹಿಗ್ಗುವುದರಿಂದ ಅಷ್ಟು ಏರುವುದಿಲ್ಲ, ಆದರೆ ಆ ಹಿಗ್ಗುವಿಕೆಯೇ ಜೋಡಣೆಯನ್ನು ಎಳೆಯುತ್ತದೆ. ನೀರಿನಿಂದ ಮೇಲೆ ತಂದ ತಕ್ಷಣ ನೆರಳಿಗೆ ಹಾಕಿ, ಇಲ್ಲವೇ ಸ್ವಲ್ಪ ಗಾಳಿ ಬಿಡಿ.

ಇದರ ಉಲ್ಟಾ ಕೂಡ ಆಗುತ್ತದೆ. ದಡದಲ್ಲಿ ಬಿಗಿಯಾಗಿದ್ದದ್ದು ತಣ್ಣನೆ ನೀರಿಗೆ ಇಳಿಸಿದ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ಅದು ಸೋರಿಕೆ ಅಲ್ಲ. ನೀರಿಗೆ ತಾಗಿಸಿ ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದಷ್ಟು ಪಂಪು ಹೊಡೆದು ಹೊರಡಿ.

ಅಲೆಮಾರಿ
ನಾಲ್ಕು ವರ್ಷದಿಂದ ಪ್ರತೀ ಸಲ "ಎಲ್ಲೋ ಸೋರುತ್ತಿದೆ" ಅಂತ ಹುಡುಕುತ್ತಿದ್ದೆ. ಮೇಡಂ, ಕೈಮುಗಿದೆ.

ರಿಪೇರಿಪೆಟ್ಟಿಗೆ
ಬಾಳಿಕೆ ಕೇಳಿದ್ದರು, ಅದಕ್ಕೆ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ.

ಅಗ್ಗದರಲ್ಲಿ ಎರಡು ಜಾತಿ. ಒಂದು ಬರೀ ಪಿವಿಸಿ ಪ್ಲಾಸ್ಟಿಕ್ ಹಾಳೆ. ಇನ್ನೊಂದರಲ್ಲಿ ಹೊರಗೆ ನೈಲಾನ್ ಬಟ್ಟೆಯ ಕವಚ, ಒಳಗೆ ಗಾಳಿ ಚೀಲ, ಸೈಕಲ್ ಟೈರು ಮತ್ತು ಟ್ಯೂಬಿನ ಹಾಗೆ. ಕವಚ ಇರುವುದು ಕಲ್ಲು, ಮುಳ್ಳು ತಡೆಯುತ್ತದೆ. ಬಟ್ಟೆ ಹಿಗ್ಗುವುದಿಲ್ಲವಾದ್ದರಿಂದ ಗಾಳಿಯೂ ಬಿಗಿಯಾಗಿ ತುಂಬಬಹುದು. ಜಿಪ್ ತೆಗೆದು ಒಳಚೀಲ ಹೊರಗೆ ಎಳೆದು ತೇಪೆ ಹಾಕಬಹುದು. ನನ್ನ ಮತ ಇದಕ್ಕೇ.

ಬರೀ ಪಿವಿಸಿ ಕೆಟ್ಟದ್ದು ಅಂತ ಹೇಳುತ್ತಿಲ್ಲ. ತೂತು ಬಿದ್ದರೆ ರಿಪೇರಿ ಸುಲಭ. ಸೋಪು ನೀರಿನಲ್ಲಿ ಬಟ್ಟೆ ಅದ್ದಿ ಸವರಿ. ಹೋದ ತಿಂಗಳು ಒಬ್ಬರು ನನ್ನ ಹತ್ತಿರ ತಂದಿದ್ದರು. ಮೂರು ಸಲ ಸವರಿದರೂ ಏನೂ ಕಾಣಲಿಲ್ಲ. ಆಮೇಲೆ ಟ್ಯೂಬನ್ನು ಮೊಣಕಾಲಿನಿಂದ ಅದುಮಿ ಹಿಡಿದು ನೋಡಿದರೆ, ತಳ ಮತ್ತು ಪಕ್ಕ ಸೇರುವ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಆ ಸಂದಿಯಲ್ಲಿ ಮರಳಿನ ಒಂದು ಕಣ. ತೊಳೆಯದೆ ಮಡಚಿದ್ದರು, ಮಡಿಕೆಯಲ್ಲಿ ಅದು ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಸಣ್ಣ ತೂತು ಮಾಡಿತ್ತು.

ತೇಪೆ ಹಾಕುವಾಗ ಗಾಳಿ ಪೂರ್ತಿ ತೆಗೆಯಿರಿ. ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆ ಬೇಗ ಏಳುತ್ತದೆ. ಪಿವಿಸಿಗೆ ಅಂತಲೇ ಇರುವ ಅಂಟು ಹಾಕಿ, ಮೇಲೆ ಭಾರ ಇಟ್ಟು, ಒಂದು ಇಡೀ ದಿನ ಮುಟ್ಟಬೇಡಿ. ತೂತು ಜೋಡಣೆಯ ಮೇಲೇ ಇದ್ದರೆ ಮಾತ್ರ ಕಷ್ಟ. ಅಲ್ಲಿ ಚಪ್ಪಟೆ ತೇಪೆ ಕೂರುವುದಿಲ್ಲ.

ಬಾಲ್ಕನಿ
ನೈಲಾನ್ ಕವಚದ್ದು ಮೂರನೇ ಮಹಡಿಯವರಿಗೆ ಹೇಳುವ ಮೊದಲು ಒಣಗಿಸುವುದು ಯೋಚಿಸಿ. ನಾನೂ ಫ್ಲಾಟಿನಲ್ಲೇ ಇರುವುದು. ಕವಚ ಮತ್ತು ಒಳಚೀಲದ ಮಧ್ಯೆ ನೀರು ನಿಂತರೆ ಒಂದು ದಿನದಲ್ಲಿ ಒಣಗುವುದಿಲ್ಲ. ಒದ್ದೆ ಇದ್ದಾಗ ತೂಕವೂ ಜಾಸ್ತಿ. ಮೊದಲ ವರ್ಷ ಹಾಗೇ ಮಡಚಿಟ್ಟು, ತೆಗೆದಾಗ ಒಳಗೆಲ್ಲಾ ಕಪ್ಪು ಬೂಷ್ಟು. ವಾಸನೆ ಹೋಗಲು ಎರಡು ತಿಂಗಳು ಆಯಿತು.

ಬರೀ ಪಿವಿಸಿ ಆದರೆ ಎರಡು ಹಳೇ ಟವೆಲ್ ಸಾಕು. ನೀರಿನಿಂದ ತೆಗೆದು, ತಲೆಕೆಳಗು ಮಾಡಿ, ಗಾಳಿ ತುಂಬಿರುವಾಗಲೇ ಒರೆಸಿ, ಆಮೇಲೆ ಮಡಚಿ. ಮನೆಯಲ್ಲಿ ಮತ್ತೊಮ್ಮೆ ಬಿಡಿಸಿ ಕುರ್ಚಿಗಳ ಮೇಲೆ ಹರವಿ. ಬೆಳಗ್ಗೆಗೆ ಒಣಗಿರುತ್ತದೆ.

ರಿಪೇರಿಪೆಟ್ಟಿಗೆ
ಇದು ಸರಿಯಾದ ಮಾತು. ನನಗೆ ಅಂಗಳ ಇದೆ, ಅದಕ್ಕೆ ನಾನು ಆ ಕಡೆ ಯೋಚಿಸಿರಲಿಲ್ಲ. ಫ್ಲಾಟಿನವರಿಗೆ ಬರೀ ಪಿವಿಸಿ ಸರಿ, ಆದರೆ ದಪ್ಪ ಹಾಳೆಯದು ನೋಡಿ.

ಹೊಸಗಾಳಿ
ಡ್ರಾಪ್ ಸ್ಟಿಚ್ ತಗೊಂಡರೆ ಈ ಯಾವ ತಲೆನೋವೂ ಇಲ್ಲ. ಹಲಗೆಯಷ್ಟು ಗಟ್ಟಿ.

ತೇಲುಮರ
ಅವರು ಕೇಳಿದ್ದು ಕಡಿಮೆ ಬೆಲೆಯದು.

ಹೊಸಗಾಳಿ
ಪೂರ್ತಿ ಅಲ್ಲ, ತಳ ಮಾತ್ರ ಡ್ರಾಪ್ ಸ್ಟಿಚ್ ಇರುವುದು ಮಧ್ಯಮ ಬೆಲೆಗೆ ಸಿಗುತ್ತದೆ. ಒಳಗೆ ಮೇಲಿನ ಪದರ, ಕೆಳಗಿನ ಪದರ ಸೇರಿಸಿ ಸಾವಿರಾರು ದಾರ ಇರುತ್ತದೆ. ಅದಕ್ಕೇ ಉಬ್ಬದೆ ಚಪ್ಪಟೆಯಾಗಿ ನಿಲ್ಲುತ್ತದೆ. 6ರಿಂದ 10 ಪಿಎಸ್‌ಐ ಹಾಕಬಹುದು. ಕೂತವರ ಕೆಳಗೆ ತಳ ಬಗ್ಗುವುದಿಲ್ಲ, ಆದ್ದರಿಂದ ವೇಗ ಸಿಗುತ್ತದೆ. ಆದರೆ ಅದಕ್ಕೆ ಹೆಚ್ಚು ಒತ್ತಡದ ಪಂಪು ಬೇಕು, ಹಾಸಿಗೆ ಪಂಪು ಆಗುವುದಿಲ್ಲ.

ಹಳೆಯಹಾಳೆ
ಡ್ರಾಪ್ ಸ್ಟಿಚ್ ಬಗ್ಗೆ ಒಂದು ವಿಷಯ, ಸ್ವಲ್ಪ ದಾರಿ ತಪ್ಪುತ್ತೇನೆ. ಇಂಥದ್ದೇ ದಾರದ ಬಟ್ಟೆಯಿಂದ ಗುಡ್‌ಇಯರ್ ಕಂಪನಿ 1956ರಲ್ಲಿ ವಿಮಾನವನ್ನೇ ಮಾಡಿ ಹಾರಿಸಿತ್ತು. ಇನ್‌ಫ್ಲೇಟೋಪ್ಲೇನ್ ಅಂತ ಹೆಸರು. ಗಾಳಿ ತುಂಬಿದ ರೆಕ್ಕೆ!

ಗಾಳಿ ದೋಣಿ ಅದಕ್ಕಿಂತ ಹಳೆಯದು. 1840ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆಯ ಪೀಟರ್ ಹಾಲ್ಕೆಟ್ ಅನ್ನುವವರು ಮೇಲಂಗಿಯೇ ದೋಣಿ ಆಗುವ ಹಾಗೆ ಮಾಡಿದ್ದರು. ರಬ್ಬರ್ ಬಟ್ಟೆಯ ಅಂಗಿ. ಹರವಿ ಗಾಳಿ ತುಂಬಿಸಿದರೆ ದೋಣಿ, ಕೈಕೋಲು ಹುಟ್ಟಾಗುತ್ತಿತ್ತು, ಕೊಡೆ ಹಾಯಿ ಆಗುತ್ತಿತ್ತು. ಜಾನ್ ರೇ ಅನ್ನುವ ಅನ್ವೇಷಕರು ಆರ್ಕ್ಟಿಕ್ ಕಡೆಗೆ ಹೋದಾಗ ಹಾಲ್ಕೆಟ್ ದೋಣಿ ಒಯ್ದಿದ್ದರು.

ಬಾಲ್ಕನಿ
ಕೊಡೆಯ ಹಾಯಿ! ಇದನ್ನು ನನ್ನ ಮಗನಿಗೆ ಹೇಳಲೇಬೇಕು.

ದಡದವಳು
ಹಾಯಿ ಕಟ್ಟುವ ಯೋಚನೆ ಮಾತ್ರ ಬೇಡ, ದಯವಿಟ್ಟು. ಗಾಳಿ ಕಥೆ ಮೇಲೆ ಬರೆದಿದ್ದೇನೆ.

ಈಜುಮೇಷ್ಟ್ರು
ಇಷ್ಟು ಉದ್ದದ ಚರ್ಚೆಯಲ್ಲಿ ಲೈಫ್ ಜಾಕೆಟ್ ಅನ್ನುವ ಮಾತೇ ಬರಲಿಲ್ಲ. ನನಗೆ ಬೇಸರ ಆಯಿತು. ನಾನು ಮಕ್ಕಳಿಗೆ ಈಜು ಕಲಿಸುವವನು.

ಮೂರನೇಮಹಡಿಯವರೇ, ದುಡ್ಡನ್ನು ಮೊದಲು ಜಾಕೆಟ್‌ಗೆ ತೆಗೆದಿಡಿ. ಉಳಿದದ್ದರಲ್ಲಿ ದೋಣಿ. ದೋಣಿ ಅಗ್ಗದ್ದಾದರೂ ನಡೆಯುತ್ತದೆ.

ಜಾಕೆಟ್ ಮೇಲೆ ತೇಲಿಸುವ ಬಲ 50 ನ್ಯೂಟನ್ ಅಂತ ಬರೆದಿರುವುದು ಈಜು ಬಲ್ಲವರಿಗೆ. ತೇಲಲು ಸಹಾಯ ಮಾಡುತ್ತದೆ, ಆದರೆ ಮುಖ ಮೇಲೆ ಮಾಡಿ ತಿರುಗಿಸುವ ಕೆಲಸ ಅದರದ್ದಲ್ಲ. 100 ನ್ಯೂಟನ್‌ನದರಲ್ಲಿ ಕತ್ತಿನ ಹಿಂದೆ ಕಾಲರ್ ಇರುತ್ತದೆ. ಬಿದ್ದವರನ್ನು ಅಂಗಾತ ತಿರುಗಿಸುವ ಹಾಗೆ ಮಾಡಿರುತ್ತಾರೆ. ನಿಮ್ಮ ಮಗನಿಗೆ ಇದೇ ಬೇಕು, ಕಾಲುಗಳ ಮಧ್ಯೆ ಬರುವ ಪಟ್ಟಿ ಇರುವುದು. ಮಗಳಿಗೂ ಇದೇ. ನಿಮಗೂ ಈಜು ಅಷ್ಟಕ್ಕಷ್ಟೇ ಅಂದಿರಿ, ನೀವೂ ಇದನ್ನೇ ತಗೊಳ್ಳಿ.

"ಬೆಳೆಯುತ್ತಾನೆ, ಒಂದು ಸೈಜು ದೊಡ್ಡದು ಇರಲಿ" ಅಂತ ತಗೊಳ್ಳಬೇಡಿ. ಬಟ್ಟೆಗೆ ಆ ಲೆಕ್ಕ ಸರಿ, ಇದಕ್ಕೆ ಅಲ್ಲ. ಹಾಕಿ, ಎಲ್ಲಾ ಪಟ್ಟಿ ಬಿಗಿದು, ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಮಗು ಜಾಕೆಟ್ ಜೊತೆಗೇ ಏಳಬೇಕು. ಜಾಕೆಟ್ ಮಾತ್ರ ಕಿವಿಗೆ ಬಂದರೆ ಅದು ದೊಡ್ಡದಾಯಿತು. ಆಟದ ತೋಳುಪಟ್ಟಿ, ಟ್ಯೂಬು ಇವು ಯಾವುವೂ ಜಾಕೆಟ್ ಅಲ್ಲ.

ಮತ್ತೊಂದು. ಮಗು ಬಿದ್ದೀತು ಅಂತ ಹಗ್ಗದಿಂದ ದೋಣಿಗೆ ಕಟ್ಟುವವರನ್ನು ಕಣ್ಣಾರೆ ನೋಡಿದ್ದೇನೆ. ಎಂದಿಗೂ ಮಾಡಬೇಡಿ. ದೋಣಿ ಮಗುಚಿದರೆ ಮಗು ಅದರ ಕೆಳಗೇ ಉಳಿಯುತ್ತದೆ.

ಮೂರನೇಮಹಡಿ
ಮೇಷ್ಟ್ರೇ, ನಾನು ಡಬ್ಬಿಯ ಜೊತೆ ಬರುವ ಅಗ್ಗದ ಜಾಕೆಟ್ ಸಾಕು ಅಂದುಕೊಂಡಿದ್ದೆ. ಈಗ ಪಟ್ಟಿಯಲ್ಲಿ ಮೊದಲು ಅದನ್ನೇ ಬರೆದೆ.

ಉದ್ದಕೈ
ಹುಟ್ಟಿನ ಉದ್ದ ನೋಡಿ. ಡಬ್ಬಿಯಲ್ಲಿ ಬರುವುದು ಸಾಮಾನ್ಯವಾಗಿ 218 ಸೆಂಮೀ. 91 ಸೆಂಮೀ ಅಗಲದ ದೋಣಿಗೆ ಅದು ಗಿಡ್ಡ. ಪ್ರತೀ ಸಲ ಟ್ಯೂಬಿಗೆ ಬೆರಳ ಗೆಣ್ಣು ಉಜ್ಜುತ್ತದೆ, ನೀರು ತೊಡೆ ಮೇಲೆ ಸುರಿಯುತ್ತದೆ. 230 ಅಥವಾ 240 ಇರುವುದು ಒಂದು ತಗೊಂಡರೆ ಅದೇ ದೋಣಿ ಬೇರೆ ದೋಣಿ ಅನಿಸುತ್ತದೆ. ಮಕ್ಕಳಿಗೆ ಡಬ್ಬಿಯಲ್ಲಿ ಬಂದದ್ದನ್ನೇ ಕೊಡಿ.

ಶಾಂತನೀರು
ತಳದಲ್ಲಿ ಸಿಕ್ಕಿಸುವ ರೆಕ್ಕೆ ಮರೆಯಬೇಡಿ. ಸ್ಕೆಗ್ ಅನ್ನುತ್ತಾರೆ. ಅದಿಲ್ಲದೆ ನೆಟ್ಟಗೆ ಹೋಗುವುದಿಲ್ಲ.

ನೀರಹಾದಿ
ಆದರೆ ಆಳ ಕಡಿಮೆ ಇರುವ ಕಡೆ ಅದು ಕಲ್ಲಿಗೆ ತಾಗಿ ಮುರಿಯುತ್ತದೆ. ಒಂದು ಹೆಚ್ಚಿಗೆ ಇಟ್ಟುಕೊಳ್ಳಿ.

ಬಾಲ್ಕನಿ
ಹಳೆಯದು ತಗೊಳ್ಳುವ ಯೋಚನೆ ಇದ್ದರೆ, ಗಾಳಿ ತುಂಬಿಸಿ ಒಂದು ರಾತ್ರಿ ಬಿಟ್ಟು ಬೆಳಗ್ಗೆ ನೋಡದೆ ದುಡ್ಡು ಕೊಡಬೇಡಿ. ವಾಸನೆಯನ್ನೂ ನೋಡಿ. ಬೂಷ್ಟಿನ ವಾಸನೆ ಬಂದರೆ ಬಿಟ್ಟುಬಿಡಿ.

ದಡದವಳು
ಎಲ್ಲಾ ಓದಿದ ಮೇಲೆ ನನಗೆ ಒಂದು ದಾರಿ ಕಾಣುತ್ತಿದೆ. ನಾಲ್ಕೂ ಜನ ಒಂದೇ ಸಲ ನೀರಲ್ಲಿ ಇರಲೇಬೇಕು ಅಂತ ಯಾರು ಹೇಳಿದ್ದು? ಎರಡು ಸೀಟಿನದು ಒಂದೇ ತಗೊಳ್ಳಿ. ಸರದಿಯಲ್ಲಿ ಹೋಗಿ. ಒಂದು ಸಲ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಮತ್ತು ಒಂದು ಮಗು. ಇನ್ನಿಬ್ಬರು ದಡದಲ್ಲಿ. ಅಪ್ಪ ಮತ್ತು ಮಕ್ಕಳಿಬ್ಬರೂ ಕೂತರೂ 127 ಕೆಜಿ. ದಡದಲ್ಲಿ ಇರುವವರ ಕೈಯಲ್ಲಿ ಫೋನ್, ಸೀಟಿ, ಉದ್ದ ಹಗ್ಗ. ಹೋಗುವುದು ದಡಕ್ಕೆ ಸಮಾನಾಂತರವಾಗಿ, ಕೂಗಿದರೆ ಕೇಳುವಷ್ಟು ದೂರ. ಒಬ್ಬರೇ ಮಗುವಿನ ಜೊತೆ ಹೋಗುವುದಕ್ಕೆ ನಾನು ತಕರಾರು ಮಾಡಿದ್ದು ನೋಡುವವರು ಇಲ್ಲ ಅಂತ. ಇಲ್ಲಿ ನೋಡುವವರು ಇರುತ್ತಾರೆ.

ನನ್ನ ಆ ದಿನ ದಡದಲ್ಲಿ ಯಾರಾದರೂ ನಿಂತಿದ್ದರೆ, ಗಾಳಿ ಏಳುವ ಮೊದಲೇ ಕೂಗಿ ಕರೆಯುತ್ತಿದ್ದರು.

ನೀರಹಾದಿ
ದಡದಲ್ಲಿ ಕಾಯುವ ಮಗು ಅಳುತ್ತದೆ, ಬರೆದಿಟ್ಟುಕೊಳ್ಳಿ. ನಾನು ಈಗಲೂ ಎರಡು ದೋಣಿಯ ಕಡೆಗೇ. ಆದರೆ ಮೊದಲ ವರ್ಷ ಒಂದು, ಕಲಿತ ಮೇಲೆ ಎರಡನೆಯದು ಅಂದರೆ ನನ್ನ ಅಡ್ಡಿ ಇಲ್ಲ.

ತೇಲುಮರ
ನನಗೂ ಸರಿ ಕಾಣುತ್ತದೆ. ಅಲೆಮಾರಿ ಮೊದಲು ಹೇಳಿದ ದೋಣಿಯೇ ಈ ಲೆಕ್ಕಕ್ಕೆ ಹೊಂದುತ್ತದೆ. ಅದೇ ಕಂಪನಿಯ ಚಾಲೆಂಜರ್ ಕೆ2 351 ಸೆಂಮೀ ಉದ್ದ, 76 ಅಗಲ. ಅದು ನೆಟ್ಟಗೆ, ಬೇಗ ಹೋಗುತ್ತದೆ, ಆದರೆ ಅಗಲ ಕಡಿಮೆ ಆದ್ದರಿಂದ ಅಲ್ಲಾಡುವುದು ಜಾಸ್ತಿ. 5 ವರ್ಷದವನು ಇರುವಾಗ ಅಗಲವಾದದ್ದೇ ಇರಲಿ.

ಈಜುಮೇಷ್ಟ್ರು
ಮೊದಲ ದಿನ ಸುತ್ತಾಡಬೇಡಿ. ಸೊಂಟದ ಆಳದ ನೀರಲ್ಲಿ ದೊಡ್ಡವರು ಬೇಕಂತಲೇ ಬಿದ್ದು, ಮತ್ತೆ ಹತ್ತುವುದು ಅಭ್ಯಾಸ ಮಾಡಿ. ಪಕ್ಕದಿಂದ, ಹೊಟ್ಟೆ ಟ್ಯೂಬಿನ ಮೇಲೆ ಬರುವ ಹಾಗೆ, ಕಾಲು ಜೋರಾಗಿ ಬಡಿದು ಹಾರಬೇಕು. ನಿಂತು ಹತ್ತಲು ಹೋದರೆ ದೋಣಿ ನಿಮ್ಮ ಮೇಲೆಯೇ ಬರುತ್ತದೆ. ಮಕ್ಕಳನ್ನೂ ಜಾಕೆಟ್ ಹಾಕಿಸಿ ನೀರಿಗೆ ಇಳಿಸಿ, ತೇಲುವುದು ಹೇಗಿರುತ್ತದೆ ಅಂತ ಅವರಿಗೇ ಗೊತ್ತಾಗಲಿ.

ಮೂರನೇಮಹಡಿ
ನಿರ್ಧಾರ ಆಯಿತು. ಜಾಕೆಟ್ ನಾಲ್ಕು ಮೊದಲು. ಆಮೇಲೆ ಅಗಲವಾದ ಎರಡು ಸೀಟಿನ ಪಿವಿಸಿ ಕಯಾಕ್ ಒಂದು. 230 ಸೆಂಮೀ ಹುಟ್ಟು ಒಂದು. ಎರಡು ಟವೆಲ್ ಮನೆಯಲ್ಲೇ ಇವೆ. ಹೋಗಿ ಬಂದು ಬರೆಯುತ್ತೇನೆ.

ಮೂರನೇಮಹಡಿ
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಮೊದಲ ಭಾನುವಾರ ಹೋಗಲಿಲ್ಲ. ಬೆಳಗ್ಗೆ ನೀರಿನ ಹತ್ತಿರ ಹೋಗಿ ನೋಡಿದರೆ ಮರದ ಕಡ್ಡಿಗಳು ಬಿಡದೆ ಅಲ್ಲಾಡುತ್ತಿದ್ದವು, ದೂರದಲ್ಲಿ ಬಿಳಿ. ಮಗ ಅತ್ತ. ವಾಪಸ್ ಬಂದೆವು.

ಎರಡನೇ ಸಲ ನೀರು ತಣ್ಣಗಿತ್ತು. ತುಂಬಿಸಲು 14 ನಿಮಿಷ. ನೀರಿಗೆ ಇಳಿಸಿದ ಮೇಲೆ ಗಣಿತಮೇಡಂ ಹೇಳಿದ ಹಾಗೆಯೇ ಮೆತ್ತಗಾಯಿತು, ಇನ್ನೂ ಹತ್ತು ಪಂಪು ಹೊಡೆದೆ. ಬೀಳುವ ಅಭ್ಯಾಸ ಮಾಡಿದೆವು. ಹೆಂಡತಿ ಮೊದಲ ಸಲಕ್ಕೇ ಹತ್ತಿದಳು, ನನಗೆ ನಾಲ್ಕನೇ ಸಲಕ್ಕೆ ಆಯಿತು. ಅದು ತಿಳಿದದ್ದು ಒಳ್ಳೆಯದಾಯಿತು. ಹಾಗಾಗಿ ಮಗನ ಜೊತೆ ಅವಳೇ ಹೋಗುವುದು ಅಂತ ಮಾಡಿದೆವು.

ನಾನು ದಡದಲ್ಲಿ ಮಗಳ ಜೊತೆ ನಿಂತು ನೋಡುತ್ತಿದ್ದೆ. ಮಗ ಮುಂದಿನ ಸೀಟಿನಲ್ಲಿ, ಜಾಕೆಟ್‌ನ ಕಾಲರ್ ಒಳಗಿಂದ ತಲೆ ಮಾತ್ರ ಕಾಣುತ್ತಿತ್ತು. ಹುಟ್ಟನ್ನು ನೀರಿಗೆ ತಾಗಿಸಿ, ಎತ್ತಿ, ತುದಿಯಿಂದ ಬೀಳುವ ಹನಿ ನೋಡುತ್ತಿದ್ದ. ಅಷ್ಟೇ ಮಾಡಿದ, ಅರ್ಧ ಗಂಟೆ. ನೀರಹಾದಿ ಅವರು ಹೇಳಿದ ಹಾಗೆ ಕಾಯುವವರಿಗೆ ಬೇಸರ ಆಗಬಹುದು ಅಂತ ಮಗಳಿಗೆ ಸೀಟಿ ಕೊಟ್ಟು ಗಾಳಿ ನೋಡುವ ಕೆಲಸ ವಹಿಸಿದ್ದೆ. ಬಿಳಿ ನೊರೆ ಕಂಡರೆ ಊದಬೇಕು. ಅವಳು ಕಣ್ಣು ಮಿಟುಕಿಸದೆ ನಿಂತಿದ್ದಳು. ಊದುವ ಸಂದರ್ಭ ಬರಲಿಲ್ಲ.

ಒಂದು ಪ್ರಶ್ನೆ. ಹಿಂದಿನ ಸೀಟಿನ ಒರಗು ಕೂತು ಹತ್ತು ನಿಮಿಷಕ್ಕೆ ಹಿಂದಕ್ಕೆ ಜಾರುತ್ತದೆ. ಬೆನ್ನು ನೋಯುತ್ತದೆ. ಏನು ಮಾಡುವುದು?

ಅಲೆಮಾರಿ
ಸೀಟಿನ ಪಟ್ಟಿಗಳನ್ನು ಗಾಳಿ ತುಂಬಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಒರಗಿನ ಹಿಂದೆ ಬಟ್ಟೆ ತುಂಬಿದ, ನೀರು ಹೋಗದ ಚೀಲ ಇಡಿ. ನಾನು ನಾಲ್ಕು ವರ್ಷದಿಂದ ಹಾಗೇ ಮಾಡುವುದು.

ಉದ್ದಕೈ
ಕಾಲನ್ನೂ ನೋಡಿ. ಪಾದಕ್ಕೆ ಒತ್ತಲು ಏನೂ ಸಿಗದಿದ್ದರೆ ಬೆನ್ನು ಜಾರಿಯೇ ಜಾರುತ್ತದೆ. ಮುಂದಿನ ಸೀಟನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಅದರ ಬುಡಕ್ಕೆ ಪಾದ ಒತ್ತುವ ಹಾಗೆ ಕೂತು ನೋಡಿ.

ಮೂರನೇಮಹಡಿ
ಭಾನುವಾರ ಎರಡೂ ಮಾಡಿ ನೋಡುತ್ತೇನೆ. ಗಾಳಿ ಬಿಟ್ಟರೆ.